ರೋಬೋ ಸ್ಪರ್ಧೆ ಇಟ್ಟುಕೊಂಡಿದ್ದೇವೆ, ಮೊದಲು ಯಾವುದಕ್ಕೆ ಕೈ ಹಾಕೋಣ?

ಪ್ರಶ್ನೆ: ವಿದ್ಯಾರ್ಥಿಗಳಿಗೆ ಒಂದು ದಿನದ ರೋಬೋ ಸ್ಪರ್ಧೆ, ಜೊತೆಗೆ ಚಿಕ್ಕದೊಂದು ತಂತ್ರಜ್ಞಾನ ಪ್ರದರ್ಶನ ಮಾಡಬೇಕು ಅಂತಿದ್ದೇವೆ. ಹಾಲ್ ಸಿಕ್ಕಿದೆ. ಮುಂದೇನು?

ಉತ್ತರ: ಟ್ರ್ಯಾಕ್. ಬ್ಯಾನರ್, ಬಹುಮಾನ, ಅತಿಥಿಗಳು ಎಲ್ಲ ಆಮೇಲೆ ನೋಡಿಕೊಳ್ಳಬಹುದು.

ಗೆರೆ ಹಿಡಿದು ಓಡುವ ಲೈನ್ ಫಾಲೋವರ್ ಸ್ಪರ್ಧೆಯನ್ನೇ ತೊಗೊಳ್ಳಿ. ರೋಬೋದ ಅಡಿಯಲ್ಲಿರುವ ಸೆನ್ಸರ್ ನೆಲಕ್ಕೆ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಬಿಳಿ ನೆಲ ಅದನ್ನು ವಾಪಸ್ ಕಳಿಸುತ್ತದೆ, ಕಪ್ಪು ಗೆರೆ ನುಂಗಿಕೊಳ್ಳುತ್ತದೆ. ಆ ವ್ಯತ್ಯಾಸ ನೋಡಿಕೊಂಡೇ ರೋಬೋ ತಿರುಗುವುದು. ತೊಂದರೆ ಏನೆಂದರೆ, ಬಿಸಿಲಿನಲ್ಲೂ ಇನ್‌ಫ್ರಾರೆಡ್ ಧಾರಾಳವಾಗಿದೆ. ಕಿಟಕಿಯಿಂದ ಟ್ರ್ಯಾಕ್ ಮೇಲೆ ಒಂದು ಪಟ್ಟೆ ಬಿಸಿಲು ಬಿದ್ದರೂ ಸಾಕು, ಅಲ್ಲಿ ಸೆನ್ಸರ್‌ಗೆ ಕಪ್ಪು ಗೆರೆಯೂ ಬಿಳಿಯಾಗಿ ಕಂಡುಬಿಡಬಹುದು. ಬೆಳಿಗ್ಗೆ ಓಡಿಸಿದ ತಂಡಕ್ಕೆ ಆ ಬಿಸಿಲು ಇರಲಿಲ್ಲ, ಮಧ್ಯಾಹ್ನದವರಿಗೆ ಇತ್ತು. ಆಮೇಲೆ ಜಗಳ ಆಗದೆ ಇರುತ್ತದಾ? ಹಾಗಾಗಿ ಸ್ಪರ್ಧೆ ನಡೆಯುವ ಹೊತ್ತಿನಲ್ಲೇ ಒಂದು ದಿನ ಮೊದಲು ಹಾಲ್‌ಗೆ ಹೋಗಿ ಬಿಸಿಲು ಎಲ್ಲಿ ಬೀಳುತ್ತದೆ ನೋಡಿ, ಪರದೆ ಕಟ್ಟಿಸಿ. ಮಿರಮಿರ ಹೊಳೆಯುವ ಫ್ಲೆಕ್ಸ್ ಮೇಲೆ ಟ್ರ್ಯಾಕ್ ಪ್ರಿಂಟ್ ಮಾಡಿಸಬೇಡಿ. ಹೊಳಪಿಲ್ಲದ ಮ್ಯಾಟ್ ಮೇಲ್ಮೈ ಇರಲಿ.

ಗೆರೆಯ ಅಗಲ, ಅತಿ ಚಿಕ್ಕ ತಿರುವು ಎಷ್ಟು, ದಾರಿ ತಪ್ಪಿದರೆ ಎಲ್ಲಿಂದ ಮತ್ತೆ ಶುರು, ಇದೆಲ್ಲ ನಿಯಮದಲ್ಲಿ ಬರೆದು ವಾರಗಟ್ಟಲೆ ಮೊದಲೇ ಕೊಡಿ. ಆ ದಿನವೂ ಪ್ರತಿ ತಂಡಕ್ಕೆ ಅದೇ ಟ್ರ್ಯಾಕ್ ಮೇಲೆ ಸೆನ್ಸರ್ ಹೊಂದಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕೇ ಬೇಕು. ಭಾಷಣ ಕಡಿಮೆ ಮಾಡಿದರೆ ಈ ಹೊತ್ತು ಸುಲಭವಾಗಿ ಸಿಗುತ್ತದೆ!

ಮೊಬೈಲ್‌ನಿಂದ ಓಡಿಸುವ ರೋಬೋಗಳಿಗೆ ಬೇರೆಯದೇ ತಲೆನೋವು. ತುಂಬಾ ಮಕ್ಕಳು ಬಳಸುವುದು ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್. ಸಾಮಾನ್ಯವಾಗಿ ಎಲ್ಲದರ ಹೆಸರೂ ಅದೇ, ಪಾಸ್‌ವರ್ಡ್ ಕೂಡ 1234. ಹತ್ತು ತಂಡ ಒಟ್ಟಿಗೆ ಆನ್ ಮಾಡಿದರೆ ಯಾರ ಫೋನ್ ಯಾರ ರೋಬೋ ಹಿಡಿಯಿತೋ ದೇವರೇ ಬಲ್ಲ. ಮಾಡ್ಯೂಲ್‌ಗೆ ತಂಡದ ಹೆಸರಿಟ್ಟುಕೊಂಡೇ ಬರಬೇಕು ಅಂತ ನಿಯಮ ಮಾಡಿ.

ಅಳತೆ ತಪಾಸಣೆಗೆ ಸ್ಕೇಲ್ ಹಿಡಿದು ಕೂರಬೇಡಿ. ಮಿನಿ ಸುಮೋ, ಅಂದರೆ ಎರಡು ಪುಟ್ಟ ರೋಬೋಗಳು ಒಂದನ್ನೊಂದು ಅಖಾಡದಿಂದ ಹೊರಗೆ ತಳ್ಳುವ ಸ್ಪರ್ಧೆ ಇದ್ದರೆ, ರೋಬೋ ಉದ್ದಗಲ 10 ಸೆಂಟಿಮೀಟರ್, ತೂಕ 500 ಗ್ರಾಂ ಮೀರಬಾರದು. ಒಳಗೆ ಸರಿಯಾಗಿ 10 ಸೆಂಟಿಮೀಟರ್ ಇರುವ ರಟ್ಟಿನ ಚೌಕಟ್ಟು ಮಾಡಿಡಿ. ರೋಬೋ ತೂರಿದರೆ ಪಾಸ್. ವಾದಕ್ಕೆ ಜಾಗವೇ ಇಲ್ಲ.

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಚಾರ್ಜಿಂಗ್‌ಗೆ ಬೇರೆ ಮೇಜು ಹಾಕಿ, ದೊಡ್ಡವರೊಬ್ಬರು ಅಲ್ಲೇ ಇರಲಿ. ಒಂದು ಸೆಲ್ 4.2 ವೋಲ್ಟ್ ದಾಟಬಾರದು. ಉಬ್ಬಿದ ಬ್ಯಾಟರಿ ತಂದವರಿಗೆ ಪ್ರವೇಶ ಬೇಡ, ಮಕ್ಕಳು ಎಷ್ಟು ಗೋಗರೆದರೂ ಅಷ್ಟೇ. ಬೆಂಕಿ ಹತ್ತಿದರೆ ಆರಿಸುವುದು ಕಷ್ಟ.

ಪ್ರದರ್ಶನ ಇದಕ್ಕಿಂತ ಸುಲಭ. ಮೇಜುಗಳನ್ನು ಪ್ಲಗ್ ಪಾಯಿಂಟ್ ಇರುವ ಗೋಡೆಗೆ ಹಾಕಿ, ಓಡಾಡುವ ದಾರಿಯಲ್ಲಿ ವೈರ್ ಬರದಂತೆ ನೋಡಿಕೊಳ್ಳಿ. ತೀರ್ಪುಗಾರರಿಗೆ ಒಂದು ಮಾತು ಹೇಳಿಟ್ಟಿರಿ: ಬಾಯಿಪಾಠದ ವಿವರಣೆ ಮುಗಿದ ಮೇಲೆ "ಇದು ಯಾವಾಗ ಕೈಕೊಡುತ್ತೆ?" ಅಂತ ಕೇಳಲಿ. ಸ್ವಂತ ಮಾಡಿದ ಮಕ್ಕಳು ಈ ಪ್ರಶ್ನೆಗೆ ಜಾಸ್ತಿ ಹುರುಪಿನಿಂದ ಉತ್ತರ ಕೊಡುತ್ತಾರೆ.