ಕೇಳದಿದ್ದರೂ ಕೊಡಬೇಕಾದ ವಕೀಲ

ಬಂಧಿತನಿಗೆ ತನ್ನ ಆಯ್ಕೆಯ ವಕೀಲರ ನೆರವು ಪಡೆಯುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಕೊಟ್ಟಿದೆ. ಆದರೆ ವಕೀಲರ ಫೀಸಿಗೆ ದುಡ್ಡೇ ಇಲ್ಲದವನು ಏನು ಮಾಡಬೇಕು? ಆ ವಿಧಿ ಇದನ್ನು ಹೇಳುವುದಿಲ್ಲ. 1951ರಲ್ಲಿ ತಾರಾ ಸಿಂಗ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಅದು ಗಲ್ಲು ಶಿಕ್ಷೆಯ ಕೇಸು. ಸರ್ಕಾರವೇ ವಕೀಲರನ್ನು ಒದಗಿಸಬೇಕು ಎಂಬ ಹಕ್ಕಿಲ್ಲ, ವಕೀಲ ಬೇಕಿದ್ದರೆ ಆರೋಪಿಯೇ ಕೇಳಬೇಕು ಎಂದಿತು ಕೋರ್ಟು. ಈ ‘ಕೇಳಬೇಕು’ ಎಂಬ ಷರತ್ತು ಹೋಗಲು ಮೂವತ್ತೈದು ವರ್ಷ ಹಿಡಿಯಿತು.

ನಡುವೆ ಕಾನೂನು ಸ್ವಲ್ಪ ಬದಲಾಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 304ನೇ ಸೆಕ್ಷನ್ ಸೆಷನ್ಸ್ ಕೋರ್ಟಿನಲ್ಲಿ ಬಡ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಟ್ಟಿತು. ಆದರೆ ಬಡವರ ಕೇಸುಗಳು ಜಾಸ್ತಿ ಇರುವುದು ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ. ಅಲ್ಲಿಗೆ ಅದು ತಾನಾಗಿ ಅನ್ವಯಿಸಲಿಲ್ಲ. 1976ರಲ್ಲಿ ಉಚಿತ ಕಾನೂನು ನೆರವಿನ 39ಎ ವಿಧಿ ಸಂವಿಧಾನಕ್ಕೆ ಸೇರಿತು, ಅದೂ ನಿರ್ದೇಶಕ ತತ್ವವಾಗಿ, ಅಂದರೆ ಕೋರ್ಟಿನ ಮೂಲಕ ನೇರವಾಗಿ ಜಾರಿ ಮಾಡಿಸಲಾಗದ ಮಾರ್ಗಸೂಚಿಯಾಗಿ.

ನಿಜವಾದ ತಿರುವು ಬಂದದ್ದು ಬಿಹಾರದ ಜೈಲುಗಳಿಂದ. ಅಲ್ಲಿನ ವಿಚಾರಣಾಧೀನ ಕೈದಿಗಳ ಸ್ಥಿತಿಯ ಬಗ್ಗೆ 1979ರ ಜನವರಿಯಲ್ಲಿ ಪತ್ರಿಕೆಯಲ್ಲಿ ವರದಿ ಬಂತು. ಅದನ್ನು ಹಿಡಿದು ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅದೇ ಹುಸೇನಾರಾ ಖಾತೂನ್ ಪ್ರಕರಣ. ತಪ್ಪು ಸಾಬೀತಾದರೆ ಎಷ್ಟು ಶಿಕ್ಷೆ ಆಗಬಹುದಿತ್ತೋ ಅದಕ್ಕಿಂತ ಹೆಚ್ಚು ಕಾಲ ಕೆಲವರು ಸುಮ್ನೆ ಒಳಗಿದ್ದರು. ಯಾವ ಆರೋಪವೂ ಇಲ್ಲದೆ, ಬರೀ ಸಾಕ್ಷಿ ಹೇಳಬೇಕಾದವರು ಎಂದು ‘ರಕ್ಷಣೆ’ಯ ಹೆಸರಲ್ಲಿ ಕೂಡಿಹಾಕಿದ್ದ ಹೆಂಗಸರೂ ಇದ್ದರು. ಇದನ್ನು ಓದಿದಾಗ ಈಗಲೂ ಹೊಟ್ಟೆ ಉರಿಯುತ್ತದೆ. ಇವರ ಪರವಾಗಿ ಒಂದು ಜಾಮೀನು ಅರ್ಜಿ ಹಾಕಲೂ ಯಾರಿರಲಿಲ್ಲ. ವಕೀಲರಿಲ್ಲದೆ ಬಡವನನ್ನು ವಿಚಾರಣೆಗೆ ನಿಲ್ಲಿಸುವುದು ನ್ಯಾಯವಾದ ಕ್ರಮವೇ ಅಲ್ಲ, ಅದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯ ಉಲ್ಲಂಘನೆ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದರು.

ಅಷ್ಟಾದರೂ ನೆಪಗಳು ನಿಲ್ಲಲಿಲ್ಲ. ಭಾಗಲ್ಪುರದಲ್ಲಿ ಪೊಲೀಸರು ಕೈದಿಗಳ ಕಣ್ಣಿಗೆ ಆ್ಯಸಿಡ್ ಹಾಕಿ ಕುರುಡು ಮಾಡಿದ ಪ್ರಕರಣ 1981ರಲ್ಲಿ ವಿಚಾರಣೆಗೆ ಬಂತು. ಇವರಿಗೆ ವಕೀಲರನ್ನು ಯಾಕೆ ಕೊಡಲಿಲ್ಲ? ಅವರು ಕೇಳಲಿಲ್ಲ ಎಂಬುದೇ ಉತ್ತರ! ಬಿಹಾರ ಸರ್ಕಾರ ಹಣದ ಕೊರತೆಯನ್ನೂ ಮುಂದಿಟ್ಟಿತು. ಕೋರ್ಟು ಎರಡನ್ನೂ ಒಪ್ಪಲಿಲ್ಲ. ಆರೋಪಿಯನ್ನು ಮೊದಲ ಸಲ ಹಾಜರುಪಡಿಸಿದಾಗಲೇ ಈ ಹಕ್ಕು ಶುರುವಾಗುತ್ತದೆ, ಅದನ್ನು ಅವನಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಎಂದಿತು. 1986ರಲ್ಲಿ ಅರುಣಾಚಲದ ಸುಕ್ ದಾಸ್ ಪ್ರಕರಣದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಕೀಲರಿಲ್ಲದೆ ನಡೆದ ವಿಚಾರಣೆಯ ಶಿಕ್ಷೆಯನ್ನೇ ರದ್ದು ಮಾಡಿತು. ಹಕ್ಕಿದೆ ಎಂದೇ ಗೊತ್ತಿಲ್ಲದವನು ಅದನ್ನು ಕೇಳುವುದಾದರೂ ಹೇಗೆ, ಅಲ್ವಾ?

ಉಚಿತ ಕಾನೂನು ನೆರವಿಗೆ ವ್ಯವಸ್ಥೆ ಮಾಡುವ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಮುಂಬೈ ದಾಳಿಯ ಕಸಬ್‌ಗೂ ವಕೀಲರು ಸಿಕ್ಕರು. ಮೊದಲ ಹಾಜರಿಯಲ್ಲೇ ಹಕ್ಕನ್ನು ತಿಳಿಸದ ಮ್ಯಾಜಿಸ್ಟ್ರೇಟರ ಮೇಲೆ ಇಲಾಖಾ ಕ್ರಮ ಆಗಬಹುದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ ಪ್ರಕರಣದಲ್ಲಿ.

ವಕೀಲರು ಸಿಕ್ಕರೆ ಸಾಕೇ? ಮಧ್ಯಪ್ರದೇಶದಲ್ಲಿ 2013ರಲ್ಲಿ ಮಗುವಿನ ಅತ್ಯಾಚಾರ, ಕೊಲೆ ಆರೋಪ ಹೊತ್ತವನೊಬ್ಬನಿಗೆ ಕೋರ್ಟು ವಕೀಲರನ್ನು ನೇಮಿಸಿತು. ದೋಷಾರೋಪ ಹೊರಿಸಿದ್ದೂ ಅದೇ ದಿನ. ಕಾಗದಪತ್ರ ಓದಲು ಆ ವಕೀಲರಿಗೆ ಪುರುಸೊತ್ತೇ ಸಿಗಲಿಲ್ಲ. ಎರಡೇ ವಾರದಲ್ಲಿ ಗಲ್ಲು ಶಿಕ್ಷೆ ಆಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇಂಥ ಗಂಭೀರ ಕೇಸುಗಳಿಗೆ ಕನಿಷ್ಠ 10 ವರ್ಷ ಅನುಭವವಿರುವ ವಕೀಲರು ಬೇಕು, ತಯಾರಿಗೆ ಸಮಯ ಕೊಡಬೇಕು ಎಂದಿತು. ಮತ್ತೆ ಮತ್ತೆ ವಿಚಾರಣೆ ನಡೆದು 2024ರಲ್ಲಿ ಆತ ಖುಲಾಸೆಯಾದ. ಅಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು.

ಪ್ಯಾನಲ್ ವಕೀಲರು, ಅಂದರೆ ಉಚಿತ ನೆರವಿಗಾಗಿ ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರು, ತಮ್ಮ ಖಾಸಗಿ ಕೇಸುಗಳ ನಡುವೆ ಇದನ್ನೂ ನೋಡಬೇಕು, ಸಿಗುವ ಸಂಭಾವನೆಯೂ ಕಡಿಮೆ. ಹಾಗಾಗಿ 2022ರ ಯೋಜನೆಯಲ್ಲಿ ಆರೋಪಿಗಳ ಪರ ಪೂರ್ಣಾವಧಿ ವಕೀಲರನ್ನೇ ನೇಮಿಸಲು ಶುರುಮಾಡಿದ್ದಾರೆ. ನನ್ನ ಮಟ್ಟಿಗೆ ಇದು ತುಂಬಾ ತಡವಾಗಿ ಬಂದ ಒಳ್ಳೆಯ ಕೆಲಸ.

ನಿಮಗೆ ಗೊತ್ತಿರುವ ಯಾರಾದರೂ ಬಂಧನದಲ್ಲಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲ.