ಫೋಟೋದಲ್ಲಿ ಬೆಳ್ಳಗೆ ಹೊಳೆಯುವ ಪಾಪೆ

ಮಬ್ಬು ಬೆಳಕಿನಲ್ಲಿ ಫ್ಲ್ಯಾಷ್ ಹಾಕಿ ಮಗುವಿನ ಫೋಟೋ ತೆಗೆದರೆ ಕಣ್ಣಿನ ಪಾಪೆಗಳು ಕೆಂಪಗೆ ಕಾಣುವುದುಂಟು. ಕಣ್ಣಿನ ಹಿಂಭಾಗದ ರಕ್ತನಾಳಗಳ ಬಣ್ಣವನ್ನು ಹೊತ್ತು ಬೆಳಕು ಹಿಂದಿರುಗುವುದೇ ಇದಕ್ಕೆ ಕಾರಣ, ಗಾಬರಿಪಡುವಂಥದ್ದೇನಿಲ್ಲ. ಆದರೆ ಒಂದು ಪಾಪೆ ಕೆಂಪಗಿದ್ದು, ಇನ್ನೊಂದು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ ಆ ಫೋಟೋವನ್ನು ಅಳಿಸಿಹಾಕದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕ್ಯಾಮೆರಾ ಹಿಡಿದ ಕೋನದಿಂದಲೋ ಕಣ್ಣಿನ ಪೊರೆಯಿಂದಲೋ ಹಾಗೆ ಕಂಡಿರಬಹುದು. ಆದರೆ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ತನ್ನ ಇರವನ್ನು ಮೊದಲು ತೋರಿಸಿಕೊಳ್ಳುವುದೂ ಬಹುತೇಕ ಹೀಗೆಯೇ. ಕೆಲವು ಮಕ್ಕಳಲ್ಲಿ ಮೆಳ್ಳೆಗಣ್ಣಿನ ರೂಪದಲ್ಲಿ.

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲದಲ್ಲಿ ಹುಟ್ಟುವ ಈ ಗೆಡ್ಡೆ 15,000ದಿಂದ 20,000 ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಈ ಪ್ರಮಾಣ ದೇಶದಿಂದ ದೇಶಕ್ಕೆ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಎಲ್ಲಿ ಹೆರಿಗೆಗಳು ಹೆಚ್ಚೋ ಅಲ್ಲಿ ರೋಗಿಗಳೂ ಹೆಚ್ಚು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 8,000 ಹೊಸ ಪ್ರಕರಣಗಳಿದ್ದು, ಅಮೆರಿಕದಲ್ಲಿ ಅವು 200ರಿಂದ 300 ಮಾತ್ರ, ಭಾರತದಲ್ಲಿ 1,500ರ ಆಸುಪಾಸು. ಕರ್ನಾಟಕದಲ್ಲಿ ವರ್ಷಕ್ಕೆ 10 ಲಕ್ಷ ಹೆರಿಗೆಗಳೆಂದು ಹಿಡಿದರೆ, ಇದೇ ಲೆಕ್ಕದಲ್ಲಿ 50ರಿಂದ 65 ಮಕ್ಕಳಾಗುತ್ತವೆ. ಇಡೀ ರಾಜ್ಯಕ್ಕೆ ಇಷ್ಟೇ ಎಂದಮೇಲೆ ತಾಲ್ಲೂಕು ಊರಿನ ವೈದ್ಯರೊಬ್ಬರು ತಮ್ಮ ವೃತ್ತಿಜೀವನದಲ್ಲಿ ಇದನ್ನು ಒಮ್ಮೆಯೂ ನೋಡದೆ ಇರಬಹುದು. ಕಾಯಿಲೆಯ ಈ ಅಪರೂಪತೆಯೇ ಮಗುವಿಗೆ ಮುಳುವಾಗುತ್ತದೆ.

ಏಕೆಂದರೆ ಇಲ್ಲಿ ತಿಂಗಳುಗಳೇ ಜೀವವನ್ನು ನಿರ್ಧರಿಸುತ್ತವೆ. 153 ದೇಶಗಳ 4,351 ಮಕ್ಕಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶ್ರೀಮಂತ ದೇಶಗಳಲ್ಲಿ ರೋಗ ಪತ್ತೆಯಾಗುವ ಮಧ್ಯಾಂಕ ವಯಸ್ಸು 14 ತಿಂಗಳು. ಅತಿ ಬಡ ದೇಶಗಳಲ್ಲಿ 30 ತಿಂಗಳು. ಅಷ್ಟರಲ್ಲಿ ಬಡ ದೇಶಗಳ ಅರ್ಧದಷ್ಟು ಮಕ್ಕಳಲ್ಲಿ ಗೆಡ್ಡೆ ಕಣ್ಣಿನಾಚೆಗೆ ಹರಡಿತ್ತು. ಶ್ರೀಮಂತ ದೇಶಗಳಲ್ಲಿ ಹಾಗಾದದ್ದು ಶೇ. 1.5ರಷ್ಟು ಮಕ್ಕಳಲ್ಲಿ ಮಾತ್ರ. ಇದೇ ಮಕ್ಕಳನ್ನು ಮೂರು ವರ್ಷ ಗಮನಿಸಿದಾಗ ಶ್ರೀಮಂತ ದೇಶಗಳಲ್ಲಿ ಶೇ. 99ಕ್ಕೂ ಹೆಚ್ಚು, ಅತಿ ಬಡ ದೇಶಗಳಲ್ಲಿ ಶೇ. 57ರಷ್ಟು ಮಕ್ಕಳು ಬದುಕಿದ್ದರು. ಭಾರತ ಸೇರುವ ಕೆಳಮಧ್ಯಮ ಆದಾಯದ ಗುಂಪಿನಲ್ಲಿ ಈ ಪ್ರಮಾಣ ಶೇ. 80.

ಕಣ್ಣಿನೊಳಗೇ ಇರುವವರೆಗೆ ಈ ಕ್ಯಾನ್ಸರ್ ಗುಣವಾಗುವಂಥದ್ದು. ದೃಷ್ಟಿನರದ ಹಾದಿ ಹಿಡಿದು ಮಿದುಳಿನತ್ತ ಸಾಗಿದರೆ ಕಥೆ ಬೇರೆಯೇ. ಬೇರೆ ಗೆಡ್ಡೆಗಳಂತೆ ಇದಕ್ಕೆ ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷಿಸುವುದೂ ಇಲ್ಲ, ಸೂಜಿಯ ರಂಧ್ರವೇ ಜೀವಕೋಶಗಳಿಗೆ ಹೊರದಾರಿಯಾದೀತು ಎಂದು. ಸಣ್ಣ ಗೆಡ್ಡೆಗಳಿಗೆ ಲೇಸರ್, ಶೀತಚಿಕಿತ್ಸೆ, ಕೀಮೋಥೆರಪಿ ಇವೆ. ಗೆಡ್ಡೆ ಕಣ್ಣನ್ನು ತುಂಬಿಬಿಟ್ಟಿದ್ದರೆ ಮಾತ್ರ ಕಣ್ಣನ್ನೇ ತೆಗೆಯಬೇಕಾಗುತ್ತದೆ. ಕೂಸಿನ ಕಣ್ಣು ತೆಗೆಸುವುದಕ್ಕೆ ಯಾವ ತಾಯಿತಂದೆಯರೂ ಸುಲಭವಾಗಿ ಒಪ್ಪರು. ಒಪ್ಪದೆ ಮನೆಗೆ ಮರಳಿ, ಊತ ಬಂದಮೇಲೆ ಮತ್ತೆ ಬರುವವರಿದ್ದಾರೆ. ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ಗುಳಿಯೊಳಗೆ ಗೋಲಿಯಂಥ ಗುಂಡನ್ನಿಟ್ಟು, ಆಮೇಲೆ ಅದರ ಮುಂದೆ ಬಣ್ಣ ಹೊಂದಿಸಿದ ಅಕ್ರಿಲಿಕ್ ಚಿಪ್ಪನ್ನು ಕೂರಿಸುತ್ತಾರೆ. ಅದು ಸ್ವಲ್ಪಮಟ್ಟಿಗೆ ಚಲಿಸುತ್ತದೆ ಕೂಡ ಎಂಬುದನ್ನು ಅವರಿಗೆ ಮೊದಲೇ ತೋರಿಸಿದರೆ ಒಪ್ಪಿಸುವುದು ಸುಲಭವಾದೀತೆಂದು ನನ್ನ ಅನಿಸಿಕೆ.

ಕಾಯಿಲೆಯ ಮೂಲ 13ನೇ ವರ್ಣತಂತುವಿನ ಆರ್‌ಬಿ1 ಎಂಬ ಜೀನಿನಲ್ಲಿದೆ. ಜೀವಕೋಶದ ವಿಭಜನೆಗೆ ಕಡಿವಾಣ ಹಾಕುವ ಈ ಜೀನಿನ ಎರಡೂ ಪ್ರತಿಗಳು ಕೆಟ್ಟಾಗಲೇ ಗೆಡ್ಡೆ ಬೆಳೆಯುತ್ತದೆ; ಹೂಸ್ಟನ್ನಿನ ವೈದ್ಯವಿಜ್ಞಾನಿ ಆಲ್ಫ್ರೆಡ್ ನಡ್ಸನ್ 1971ರಲ್ಲಿ 48 ಮಕ್ಕಳ ದಾಖಲೆಗಳನ್ನು ಲೆಕ್ಕಹಾಕಿ ಎರಡು ಪೆಟ್ಟುಗಳ ಈ ಸಿದ್ಧಾಂತವನ್ನು ಮುಂದಿಟ್ಟಾಗ ಆ ಜೀನು ಪತ್ತೆಯೇ ಆಗಿರಲಿಲ್ಲ. ಸುಮಾರು ಶೇ. 40ರಷ್ಟು ಮಕ್ಕಳಲ್ಲಿ ಒಂದು ಪ್ರತಿ ದೇಹದ ಎಲ್ಲ ಜೀವಕೋಶಗಳಲ್ಲೂ ಮೊದಲೇ ಕೆಟ್ಟಿರುತ್ತದೆ. ಅಂಥವರಲ್ಲಿ ಸಾಮಾನ್ಯವಾಗಿ ಎರಡೂ ಕಣ್ಣುಗಳಿಗೆ ರೋಗ ತಗಲುತ್ತದೆ, ಅದೂ ಬೇಗನೆ. ಅವರು ಬೆಳೆದು ಮಕ್ಕಳನ್ನು ಪಡೆದಾಗ ಪ್ರತಿ ಮಗುವಿಗೂ ಆ ದೋಷ ದಾಟುವ ಸಂಭವ ಅರ್ಧಕ್ಕರ್ಧ. ಕುಟುಂಬದಲ್ಲಿನ ದೋಷ ಯಾವುದೆಂದು ಗೊತ್ತಿದ್ದರೆ ನವಜಾತ ಶಿಶುವಿನ ರಕ್ತಪರೀಕ್ಷೆಯೇ ಉತ್ತರ ಹೇಳುತ್ತದೆ: ದೋಷ ಬಂದಿದ್ದರೆ ಹುಟ್ಟಿದ ಮೊದಲ ವಾರಗಳಿಂದಲೇ ಕಣ್ಣಿನ ತಪಾಸಣೆ ಶುರು, ಬಂದಿರದಿದ್ದರೆ ಆ ಕೂಸಿಗೆ ಪದೇಪದೇ ಅರಿವಳಿಕೆ ಕೊಟ್ಟು ಕಣ್ಣು ನೋಡುವ ಪ್ರಮೇಯವೇ ಇಲ್ಲ.