ಮುನ್ನುಡಿ ಬಿಟ್ಟು ಓದಬೇಡಿ: ಗುಲಾಮರ ಆತ್ಮಕಥನಗಳ ಕುರಿತು ಅಧ್ಯಯನ ಟಿಪ್ಪಣಿ

ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಅವರ 1845ರ ಆತ್ಮಕಥನವನ್ನು ಎರಡನೇ ಸಲ ಓದಿ ಮುಗಿಸಿದ್ದೇನೆ. ಮೊದಲ ಸಲ ನಾನು ಎಲ್ಲಿ ಎಡವಿದೆ ಎಂಬುದು ಈಗ ಸ್ಪಷ್ಟವಾಗಿದೆ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಇದೇ ಪಠ್ಯ ಓದುತ್ತಿರುವವರಿಗೆ ನೆರವಾಗಬಹುದು.

ಪದದ ವಿಚಾರ

‘ದಾಸ’ ಎಂಬ ಪದವನ್ನು ನನ್ನ ಟಿಪ್ಪಣಿಗಳಿಂದ ತೆಗೆದುಹಾಕಿದ್ದೇನೆ. ಪುರಂದರದಾಸರು, ಕನಕದಾಸರು ಎಂದು ಹೇಳಿ ಬೆಳೆದ ನಮಗೆ ಆ ಪದದಲ್ಲಿ ತಾನಾಗಿ ಒಪ್ಪಿಕೊಂಡ ಭಕ್ತಿ ಕೇಳಿಸುತ್ತದೆ. ‘ಜೀತ’ವೂ ಸರಿಹೊಂದುವುದಿಲ್ಲ, ಅದರ ಬೆನ್ನಿಗೆ ಸಾಲದ ಲೆಕ್ಕವಿರುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಯಾವ ಸಾಲವೂ ಇರಲಿಲ್ಲ. ಮನುಷ್ಯ ಕಾನೂನಿನ ಪ್ರಕಾರವೇ ಆಸ್ತಿ, ತಾಯಿ ಗುಲಾಮಳಾದರೆ ಮಗು ಹುಟ್ಟಿನಿಂದಲೇ ಗುಲಾಮ. ಆದ್ದರಿಂದ ‘ಗುಲಾಮ’ ಪದವನ್ನೇ ಉಳಿಸಿಕೊಂಡಿದ್ದೇನೆ.

ನಾನು ಎಡವಿದ ಜಾಗ

ಡಗ್ಲಾಸ್ ಅವರ ಪುಸ್ತಕದ ಶೀರ್ಷಿಕೆಯಲ್ಲೇ ‘ಸ್ವತಃ ಬರೆದದ್ದು’ ಎಂದಿದೆ. ಆದರೆ ಪುಟ ತಿರುಗಿಸಿದರೆ ಮೊದಲು ಸಿಗುವುದು ವಿಲಿಯಂ ಲಾಯ್ಡ್ ಗ್ಯಾರಿಸನ್ ಅವರ ದೀರ್ಘ ಮುನ್ನುಡಿ, ಆಮೇಲೆ ವೆಂಡೆಲ್ ಫಿಲಿಪ್ಸ್ ಅವರ ಪತ್ರ. ಇಬ್ಬರೂ ಬಿಳಿಯರು, ಬಾಸ್ಟನ್ನಿನ ಗುಲಾಮಗಿರಿ ವಿರೋಧಿ ಮುಖಂಡರು. ನಮ್ಮ ಪುಸ್ತಕಗಳಲ್ಲಿ ಹಿರಿಯರು ಬರೆದುಕೊಡುವ ಹಾರೈಕೆಯ ಮಾತುಗಳಂತೆ ಇವೂ ಇರಬೇಕೆಂದು ದಾಟಿಬಿಟ್ಟಿದ್ದೆ. ಆಮೇಲೆ ಪುಸ್ತಕದೊಳಗಿನ ಅನೇಕ ಸಂಗತಿಗಳು ವಿಚಿತ್ರವಾಗಿ ಕಂಡವು. ಹೊಡೆತ, ಕೊಲೆಗಳನ್ನು ಹೇಳುವಾಗಲೂ ಡಗ್ಲಾಸ್ ಯಜಮಾನನ ಹೆಸರು, ಮೇಸ್ತ್ರಿಯ ಹೆಸರು, ಜಿಲ್ಲೆ, ಹತ್ತಿರದ ಊರಿಗೆ ಎಷ್ಟು ಮೈಲಿ ಎಂಬುದನ್ನೆಲ್ಲ ಏಕೆ ಬರೆಯುತ್ತಾರೆ? ಕರುಣೆ ಹುಟ್ಟಿಸಲು ಮೈಲಿಯ ಲೆಕ್ಕ ಏಕೆ ಬೇಕು?

ಉತ್ತರ ಕಾನೂನಿನಲ್ಲಿದೆ. ಗುಲಾಮಗಿರಿ ಇದ್ದ ರಾಜ್ಯಗಳ ನ್ಯಾಯಾಲಯಗಳಲ್ಲಿ ಬಿಳಿಯರ ವಿರುದ್ಧ ಕಪ್ಪು ಜನರ ಸಾಕ್ಷ್ಯಕ್ಕೆ ಮಾನ್ಯತೆ ಇರಲಿಲ್ಲ. ಮೇಸ್ತ್ರಿ ಆಸ್ಟಿನ್ ಗೋರ್ ಹೊಳೆಗಿಳಿದು ನಿಂತ ಡೆಂಬಿ ಎಂಬ ಗುಲಾಮನನ್ನು ಗುಂಡಿಟ್ಟು ಕೊಂದದ್ದನ್ನು ಡಗ್ಲಾಸ್ ವಿವರಿಸುತ್ತಾರೆ. ಕೊಲೆ ಕಂಡವರು ಗುಲಾಮರು ಮಾತ್ರ, ಆದ್ದರಿಂದ ವಿಚಾರಣೆಯೇ ಇಲ್ಲ. ಇದು ತಿಳಿದ ಮೇಲೆ ಇಡೀ ಪುಸ್ತಕದ ಆಕಾರವೇ ನನಗೆ ಬದಲಾಗಿ ಕಂಡಿತು. ನ್ಯಾಯಾಲಯ ಕೇಳಿಸಿಕೊಳ್ಳದ ಹೇಳಿಕೆಯನ್ನು ಓದುಗರ ಮುಂದೆ ಇಡುತ್ತಿದ್ದಾರೆ.

ನಾನು ನೆನಪಿಟ್ಟುಕೊಳ್ಳುವ ಬಗೆ ಇದು: ಪುಸ್ತಕವನ್ನು ಒಂದು ಮಹಜರಿನಂತೆ ಓದಿ. ಮಧ್ಯದ ಕಥೆ ಹೇಳಿಕೆ, ಮುನ್ನುಡಿ ಮತ್ತು ಪತ್ರಗಳು ಪಂಚರ ಸಹಿ. ಊರು, ಹೆಸರು, ದೂರ ಇವೆಲ್ಲ ಸ್ಥಳ ಪರಿಶೀಲನೆಗೆ ಬಿಟ್ಟ ಗುರುತುಗಳು. ‘ಬೇಕಾದರೆ ಹೋಗಿ ವಿಚಾರಿಸಿ’ ಎಂದು ಪ್ರತಿ ಪುಟವೂ ಹೇಳುತ್ತಿರುತ್ತದೆ.

ಈ ಎಚ್ಚರಕ್ಕೆ ಕಾರಣವೂ ಇತ್ತು. 1838ರಲ್ಲಿ ಅಮೆರಿಕನ್ ಗುಲಾಮಗಿರಿ ವಿರೋಧಿ ಸಂಘವು ಅಲಬಾಮದಲ್ಲಿ ಗುಲಾಮನಾಗಿದ್ದೆನೆಂದ ಜೇಮ್ಸ್ ವಿಲಿಯಮ್ಸ್ ಎಂಬಾತನ ಕಥನವನ್ನು ಪ್ರಕಟಿಸಿತು. ಅದರಲ್ಲಿನ ಹೆಸರುಗಳು ಸುಳ್ಳು ಎಂದು ಅಲಬಾಮದಿಂದ ಆಕ್ಷೇಪ ಬಂತು, ಸಂಘ ಪುಸ್ತಕವನ್ನು ಹಿಂತೆಗೆದುಕೊಂಡಿತು. ಒಂದು ಹೆಸರು ತಪ್ಪಿದರೆ ಇಡೀ ಚಳವಳಿಯೇ ಸುಳ್ಳುಗಾರರ ಗುಂಪು ಎನಿಸಿಕೊಳ್ಳುವ ಸ್ಥಿತಿ ಅದು.

ಡಗ್ಲಾಸ್ ಅವರ ಸಂಕಷ್ಟ ಇನ್ನೂ ಬಿಗಿಯಾದದ್ದು. 1841ರಿಂದ ವೇದಿಕೆಗಳಲ್ಲಿ ಅವರು ಎಷ್ಟು ಚೆನ್ನಾಗಿ ಮಾತನಾಡುತ್ತಿದ್ದರೆಂದರೆ, ಈತ ಗುಲಾಮನಾಗಿದ್ದಿರಲು ಸಾಧ್ಯವೇ ಇಲ್ಲ ಎಂದು ಕೇಳುಗರು ಗುಸುಗುಸು ಮಾಡತೊಡಗಿದರು. ಸಂಗತಿಗಳನ್ನಷ್ಟೇ ಹೇಳು, ತತ್ತ್ವವನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಜೊತೆಗಿದ್ದ ಬಿಳಿಯ ಮಿತ್ರರೇ ಸಲಹೆ ಕೊಟ್ಟದ್ದನ್ನು ಅವರು 1855ರ ತಮ್ಮ ಎರಡನೇ ಆತ್ಮಕಥನದಲ್ಲಿ ನೋವಿನಿಂದ ದಾಖಲಿಸಿದ್ದಾರೆ. ಆ ಎರಡನೇ ಪುಸ್ತಕಕ್ಕೆ ಮುನ್ನುಡಿ ಬರೆದವರು ಜೇಮ್ಸ್ ಮೆಕ್ಯೂನ್ ಸ್ಮಿತ್, ಕಪ್ಪು ವೈದ್ಯ. ಪಂಚರು ಬದಲಾದದ್ದನ್ನು ಗಮನಿಸಿ. ನನ್ನ ಮಟ್ಟಿಗೆ ಎರಡೂ ಪುಸ್ತಕಗಳ ನಡುವಿನ ಅತಿ ದೊಡ್ಡ ವ್ಯತ್ಯಾಸ ಇದೇ.

ಪುರಾವೆ ಕೊಟ್ಟರೆ ಪ್ರಾಣಾಪಾಯ. ನಿಜ ಹೆಸರುಗಳನ್ನು ಬರೆದ ಮೇಲೆ, ಓಡಿಹೋದ ಗುಲಾಮ ಫ್ರೆಡರಿಕ್ ಬೇಲಿಯೇ ಈ ಡಗ್ಲಾಸ್ ಎಂಬುದು ಯಜಮಾನನಿಗೆ ತಿಳಿಯುತ್ತದೆ. ನಿಮ್ಮ ಜಾಗದಲ್ಲಿದ್ದರೆ ಹಸ್ತಪ್ರತಿಯನ್ನು ಬೆಂಕಿಗೆ ಹಾಕುತ್ತಿದ್ದೆ ಎಂದು ಫಿಲಿಪ್ಸ್ ಅದೇ ಪತ್ರದಲ್ಲಿ ಬರೆದಿದ್ದಾರೆ. ಪುಸ್ತಕ ನಾಲ್ಕು ತಿಂಗಳಲ್ಲಿ ಸುಮಾರು 5,000 ಪ್ರತಿ ಮಾರಾಟವಾಯಿತು. ಅದೇ ವರ್ಷ ಡಗ್ಲಾಸ್ ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಬೇಕಾಯಿತು. ಅಲ್ಲಿನ ಬೆಂಬಲಿಗರು 150 ಪೌಂಡ್ ಸಂಗ್ರಹಿಸಿ 1846ರಲ್ಲಿ ಅವರ ಬಿಡುಗಡೆಯನ್ನು ಕೊಂಡರು.

ಅವರನ್ನು ಸುಳ್ಳುಗಾರನೆನ್ನಲು ಹೊರಟ ಎ. ಸಿ. ಸಿ. ಥಾಮ್ಸನ್ ಎಂಬಾತ ಪತ್ರಿಕೆಗೆ ಬರೆದ: ನಾನು ಈ ಫ್ರೆಡರಿಕ್ ಬೇಲಿಯನ್ನು ಬಲ್ಲೆ, ಗುಲಾಮರನ್ನು ಹೊಡೆದು ಮಣಿಸುತ್ತಿದ್ದ ಎಡ್ವರ್ಡ್ ಕೋವಿ ಎಂಬ ರೈತನ ಬಳಿ ಇದ್ದ, ಓದುಬರಹ ಬಾರದವನು, ಈ ಪುಸ್ತಕ ಬರೆಯಲಾರ. ಡಗ್ಲಾಸ್ ಸ್ಕಾಟ್‌ಲ್ಯಾಂಡಿನಿಂದ ಉತ್ತರಿಸಿ ಆತನಿಗೆ ಕೃತಜ್ಞತೆ ಹೇಳಿದರು. ತಾನು ಗುಲಾಮನಾಗಿದ್ದೆ ಎಂಬುದಕ್ಕೆ ಗುಲಾಮಗಿರಿಯ ಪಕ್ಷದವನೇ ಸಾಕ್ಷಿ ನುಡಿದಿದ್ದ! ಈ ಪ್ರಸಂಗ ಓದಿದಾಗ ನನಗಾದ ಸಂತೋಷವನ್ನು ಹೇಳಲಾರೆ.

ಹುಟ್ಟಿದ ದಿನ ಗೊತ್ತಿಲ್ಲ ಎಂಬ ಮೊದಲ ಸಾಲುಗಳು

ನಮ್ಮವರಿಗೆ ಮಾತ್ರ ಎದುರಾಗುವ ಅಡ್ಡಿಯೊಂದು ಇಲ್ಲಿದೆ. ತಾನು ಹುಟ್ಟಿದ ಜಾಗವನ್ನು ಕರಾರುವಾಕ್ಕಾಗಿ ಹೇಳುವ ಡಗ್ಲಾಸ್, ವಯಸ್ಸು ಮಾತ್ರ ಖಚಿತವಾಗಿ ಗೊತ್ತಿಲ್ಲ ಎನ್ನುತ್ತಾರೆ. ಗುಲಾಮರು ಬಿತ್ತನೆ ಕಾಲ, ಸುಗ್ಗಿ ಕಾಲ ಎಂದಷ್ಟೇ ಹೇಳಬಲ್ಲವರು. ಇದನ್ನು ಓದಿ ‘ನಮ್ಮ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದರಲ್ಲ’ ಅನ್ನಿಸಿತು. ಆ ಹೋಲಿಕೆ ಸಲ್ಲದು. ಅಜ್ಜಿಗೆ ಯಾರೂ ಮುಚ್ಚಿಟ್ಟಿರಲಿಲ್ಲ. ಡಗ್ಲಾಸ್ ಅವರ ಸುತ್ತಲಿನ ಬಿಳಿಯ ಮಕ್ಕಳಿಗೆ ತಮ್ಮ ವಯಸ್ಸು ಗೊತ್ತಿತ್ತು, ಇವರು ಯಜಮಾನನನ್ನು ಕೇಳುವಂತೆಯೇ ಇರಲಿಲ್ಲ. 1835ರಲ್ಲಿ ಯಜಮಾನ ‘ಹದಿನೇಳರ ಹುಡುಗ’ ಎಂದದ್ದು ಕಿವಿಗೆ ಬಿದ್ದದ್ದರಿಂದ ವಯಸ್ಸನ್ನು ಅಂದಾಜು ಮಾಡಿಕೊಂಡರು.

ಮೇರಿ ಪ್ರಿನ್ಸ್

ಬ್ರಿಟನ್ನಿನ ವಸಾಹತು ಬರ್ಮುಡಾದಲ್ಲಿ ಗುಲಾಮಳಾಗಿ ಹುಟ್ಟಿದ ಮೇರಿ ಪ್ರಿನ್ಸ್ 1828ರಲ್ಲಿ ಯಜಮಾನ ವುಡ್ ದಂಪತಿಯೊಂದಿಗೆ ಆಂಟಿಗುವಾದಿಂದ ಲಂಡನ್‌ಗೆ ಬಂದು ಅವರ ಮನೆ ಬಿಟ್ಟು ಹೊರನಡೆದರು. ಲಂಡನ್‌ನಲ್ಲಿ ಅವರು ಸ್ವತಂತ್ರರು, ಗಂಡನಿದ್ದ ಆಂಟಿಗುವಾಕ್ಕೆ ಮರಳಿದರೆ ಮತ್ತೆ ಗುಲಾಮಳು. ವುಡ್ ಬಿಡುಗಡೆ ಮಾರಲು ಒಪ್ಪಲಿಲ್ಲ. ಮೇರಿ ಹೇಳಿದ್ದನ್ನು ಸುಸಾನಾ ಸ್ಟ್ರಿಕ್‌ಲ್ಯಾಂಡ್ ಬರೆದುಕೊಂಡರು, ಲಂಡನ್ನಿನ ಗುಲಾಮಗಿರಿ ವಿರೋಧಿ ಸಂಘದ ಕಾರ್ಯದರ್ಶಿ ಥಾಮಸ್ ಪ್ರಿಂಗಲ್ 1831ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮೂರು ಆವೃತ್ತಿ. ಮೂರನೆಯದರ ಅನುಬಂಧದಲ್ಲಿ ಬಿಳಿಯ ಮಹಿಳೆಯರು ಅವರ ಬೆನ್ನಿನ ಬಾಸುಂಡೆಗಳನ್ನು ನೋಡಿ ದೃಢೀಕರಿಸಿದ ಪತ್ರವಿದೆ. ಮಾತು ಸಾಲದೆ ಮೈಯನ್ನೇ ತೋರಿಸಬೇಕಾಯಿತು. ಆ ಪುಟವನ್ನು ನಾನು ಒಂದೇ ಸಲಕ್ಕೆ ಓದಿ ಮುಗಿಸಲಾಗಲಿಲ್ಲ.

1833ರಲ್ಲಿ ವುಡ್ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಪ್ರಿಂಗಲ್ ಸೋತರು, ವೆಸ್ಟ್ ಇಂಡೀಸ್‌ನಿಂದ ಸಾಕ್ಷಿಗಳನ್ನು ಕರೆಸಲು ಆಗಲಿಲ್ಲ. ಅದೇ ವರ್ಷ ಬ್ರಿಟನ್ ಸಂಸತ್ತು ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಕಾಯ್ದೆ ತಂದಿತು. ಪರಿಹಾರವೆಂದು 2 ಕೋಟಿ ಪೌಂಡ್ ಕೊಟ್ಟದ್ದು ಮಾಲೀಕರಿಗೆ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳನ್ನು ಆ ಕಾಯ್ದೆ ಹೊರಗಿಟ್ಟಿತು; ಇಲ್ಲಿ ಪ್ರತ್ಯೇಕ ಕಾಯ್ದೆ ಬಂದದ್ದು 1843ರಲ್ಲಿ.

ಹ್ಯಾರಿಯೆಟ್ ಜೇಕಬ್ಸ್, ಚಿಕ್ಕದಾಗಿ

ಅಮೆರಿಕದಲ್ಲಿ ಗುಲಾಮಳಾಗಿದ್ದ ಜೇಕಬ್ಸ್ ಅವರ 1861ರ ಆತ್ಮಕಥನದಲ್ಲಿ ಹೆಸರುಗಳೆಲ್ಲ ಬದಲು. ಲೇಖಕಿ ‘ಲಿಂಡಾ ಬ್ರೆಂಟ್’. ಲೈಂಗಿಕ ಹಿಂಸೆಯ ಬಗ್ಗೆ ಬರೆಯುವಾಗ ನಿಜ ಹೆಸರು ಹಾಕುವುದು ಆ ಕಾಲದ ಹೆಣ್ಣಿಗೆ ಎಷ್ಟು ಕಷ್ಟವೆಂದು ಊಹಿಸಬಹುದು. ಯಜಮಾನನಿಂದ ತಪ್ಪಿಸಿಕೊಂಡು ಅಜ್ಜಿಯ ಮನೆಯ ಮಾಡಿನಡಿ, ನೆಟ್ಟಗೆ ನಿಲ್ಲಲೂ ಆಗದ ಸಂದಿಯಲ್ಲಿ ಸುಮಾರು ಏಳು ವರ್ಷ ಅಡಗಿದ್ದರು. ಗುರುತು ಮರೆಮಾಡಿದ್ದಕ್ಕೆ ತೆತ್ತ ಬೆಲೆ ದೊಡ್ಡದು. ಬಹುಕಾಲ ವಿದ್ವಾಂಸರು ಇದನ್ನು ಕಾದಂಬರಿ ಎಂದೇ ಬಗೆದರು. ಜೀನ್ ಫೇಗನ್ ಯೆಲಿನ್ ಹಳೆಯ ಪತ್ರಗಳನ್ನು ಹುಡುಕಿ, ಇದು ಜೇಕಬ್ಸ್ ಅವರೇ ಬರೆದದ್ದೆಂದು 1981ರಲ್ಲಿ ತೋರಿಸಿದರು.

ಡಗ್ಲಾಸ್ ಹೇಳದೆ ಉಳಿಸಿಕೊಂಡದ್ದು

ಇಷ್ಟೆಲ್ಲ ಹೆಸರು ಬರೆದ ಡಗ್ಲಾಸ್ 1845ರಲ್ಲಿ ತಾವು ತಪ್ಪಿಸಿಕೊಂಡ ಬಗೆಯನ್ನು ಮಾತ್ರ ಹೇಳಲಿಲ್ಲ. ಅದೇ ದಾರಿ ಹಿಡಿಯಬಹುದಾದ ಇತರರಿಗೆ ಬಾಗಿಲು ಮುಚ್ಚುತ್ತದೆ ಎಂಬುದು ಅವರ ಕಾರಣ. ವಿವರ ಬಂದದ್ದು 1881ರ ಮೂರನೇ ಆತ್ಮಕಥನದಲ್ಲಿ. 1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷದಲ್ಲಿ ಬಾಲ್ಟಿಮೋರ್‌ನಿಂದ ರೈಲು ಹತ್ತಿದರು. ಕೈಯಲ್ಲಿದ್ದದ್ದು ಮಿತ್ರನಿಂದ ಎರವಲು ಪಡೆದ, ಸ್ವತಂತ್ರ ನಾವಿಕನೆಂದು ದೃಢೀಕರಿಸುವ ಪತ್ರ. ಅದರಲ್ಲಿ ವರ್ಣಿಸಿದ್ದ ಮನುಷ್ಯ ಇವರಿಗಿಂತ ಬಹಳ ಕಪ್ಪು. ಕಂಡಕ್ಟರ್ ಪತ್ರದ ಮೇಲಿದ್ದ ಅಮೆರಿಕದ ಹದ್ದಿನ ಚಿತ್ರವನ್ನು ನೋಡಿ, ಹಣ ತೆಗೆದುಕೊಂಡು, ಮುಂದಿನ ಪ್ರಯಾಣಿಕರತ್ತ ನಡೆದ.